ಸಬ್‌ಟೈಟಲ್ ಕೆಟ್ಟಿರುವುದು ಫೈಲಿನಲ್ಲೋ, ಗಡಿಯಾರದಲ್ಲೋ, ಟಿವಿಯಲ್ಲೋ?

ಪ್ರಶ್ನೆ: ನಮ್ಮೂರಲ್ಲಿ ನಡೆದ ತಾಳಮದ್ದಳೆಯೊಂದನ್ನು ಪೂರ್ತಿಯಾಗಿ ವಿಡಿಯೊ ಮಾಡಿಸಿದ್ದೆವು. ಸರಿಯಾಗಿ ಎರಡು ಗಂಟೆಯದ್ದು. ಅಪ್ಪನಿಗೆ ಅರ್ಥಗಾರಿಕೆ ಎಂದರೆ ಪ್ರಾಣ, ಆದರೆ ಈಗ ಕಿವಿ ತೀರಾ ಮಂದ. ಅದಕ್ಕೇ ನನ್ನ ಮಗಳು ಮಾತನ್ನೆಲ್ಲ ಕೇಳಿ ಕೇಳಿ ಟೈಪ್ ಮಾಡಿ ಕನ್ನಡ ಸಬ್‌ಟೈಟಲ್ ತಯಾರಿಸಿದ್ದಾಳೆ. ಅವಳ ಕಂಪ್ಯೂಟರಿನಲ್ಲಿ ಅಕ್ಷರ ಚೆನ್ನಾಗಿಯೇ ಕಾಣುತ್ತದೆ. ನನ್ನ ಲ್ಯಾಪ್‌ಟಾಪಿನ ವಿಎಲ್‌ಸಿ ವಿಡಿಯೊ ಪ್ಲೇಯರಿನಲ್ಲಿ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನಾನು ನೋಟ್‌ಪ್ಯಾಡಿನಲ್ಲಿ ತೆರೆದು ಸೇವ್ ಮಾಡಿದ ಇನ್ನೊಂದು ಪ್ರತಿಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ. ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಚುಚ್ಚಿದರೆ ಚೌಕ ಚೌಕ. ಇದೂ ಸಾಲದೆಂಬಂತೆ, ಮಗಳ ಕಂಪ್ಯೂಟರಿನಲ್ಲೂ ಆರಂಭದಲ್ಲಿ ಮಾತಿಗೆ ಹೊಂದುವ ಸಾಲುಗಳು ಕೊನೆಕೊನೆಗೆ ಏಳು ಸೆಕೆಂಡು ಮುಂಚೆಯೇ ಬಂದುಬಿಡುತ್ತವೆ. ಎಲ್ಲಿಂದ ಶುರು ಮಾಡಲಿ? ಶಿರಸಿಯಿಂದ ಒಬ್ಬ ಓದುಗರು.

ಉತ್ತರ: ಮೊದಲು ಒಂದು ಕೆಲಸ ಮಾಡಿ. ಮಗಳ ಕಂಪ್ಯೂಟರಿನಲ್ಲಿ ಸರಿಯಾಗಿ ಕಾಣುತ್ತಿರುವ ಆ ಸಬ್‌ಟೈಟಲ್ ಫೈಲನ್ನು ಹಾಗೇ, ತೆರೆಯದೆ, ಬೇರೊಂದು ಫೋಲ್ಡರಿಗೆ ನಕಲು ಮಾಡಿಡಿ. ಇ-ಮೇಲಿನಲ್ಲಿ ನಿಮಗೇ ಒಂದು ಪ್ರತಿ ಕಳಿಸಿಕೊಳ್ಳಿ. ಎರಡು ಗಂಟೆಯ ಅರ್ಥಗಾರಿಕೆಯನ್ನು ಕಿವಿಗೊಟ್ಟು ಬರೆದಿಳಿಸುವುದು ಸಣ್ಣ ಶ್ರಮವಲ್ಲ. ನಿಮ್ಮ ಹತ್ತಿರ ಇರುವುದರಲ್ಲಿ ಅತಿ ಬೆಲೆಯುಳ್ಳದ್ದು ಆ ಪುಟ್ಟ ಫೈಲೇ. ಪ್ರಯೋಗ ಮಾಡುವಾಗ ಸಬ್‌ಟೈಟಲ್ ಏನು ಕೆಟ್ಟರೂ ಅದರಿಂದ ಮತ್ತೆ ಕಟ್ಟಬಹುದು. ಇನ್ನು ಮುಂದೆ ಹೇಳುವ ಪ್ರಯೋಗಗಳೆಲ್ಲ ನಕಲಿನ ಮೇಲೆಯೇ ಆಗಲಿ.

ನೀವು ಹೇಳಿದ ನಾಲ್ಕು ತೊಂದರೆ ಒಂದೇ ರೋಗದ ನಾಲ್ಕು ಲಕ್ಷಣಗಳಲ್ಲ. ಕಲಸುಮೇಲೋಗರವೂ ಪ್ರಶ್ನಾರ್ಥಕ ಚಿಹ್ನೆಯೂ ಫೈಲಿನ ವಿಷಯ. ಏಳು ಸೆಕೆಂಡಿನದು ಗಡಿಯಾರದ ವಿಷಯ. ಚೌಕಗಳು ಟಿವಿಯ ವಿಷಯ. ಇವನ್ನು ಬೇರೆ ಬೇರೆ ಮಾಡಿಕೊಳ್ಳದೆ ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೋಗುವವರು ಸರಿಯಿದ್ದದ್ದನ್ನೂ ಕೆಡಿಸಿಕೊಳ್ಳುತ್ತಾರೆ. ಹಾಗಾಗಿ ಈ ಅನುಕ್ರಮದಲ್ಲೇ ಹೋಗೋಣ: ಅಕ್ಷರ, ಆಮೇಲೆ ಸಮಯ, ಕೊನೆಗೆ ಟಿವಿ.

ಸಬ್‌ಟೈಟಲ್‌ಗೆ ಸಾಮಾನ್ಯವಾಗಿ ಬಳಸುವ ಎಸ್‌ಆರ್‌ಟಿ ಎಂಬ ಬಗೆಯ ಫೈಲಿನೊಳಗೆ ಇರುವುದು ಇಷ್ಟೇ:

12
00:03:41,200 --> 00:03:44,900
ಕೃಷ್ಣ: ಸಂಧಿಗೆಂದು ಬಂದವನನ್ನು
ಕಟ್ಟಿಹಾಕುವ ನೀತಿ ಯಾವುದಯ್ಯಾ?

ಮೊದಲು ಕ್ರಮಸಂಖ್ಯೆ. ನಂತರ ಆ ಸಾಲು ಬರುವ ಹೊತ್ತು, ಬಾಣದ ಗುರುತು, ಹೋಗುವ ಹೊತ್ತು. ಆಮೇಲೆ ಮಾತು. ಮುಗಿದ ಮೇಲೆ ಒಂದು ಖಾಲಿ ಸಾಲು. ಸೆಕೆಂಡಿನ ನಂತರ ಬರುವುದು ಅಲ್ಪವಿರಾಮ, ಚುಕ್ಕಿಯಲ್ಲ. ಚುಕ್ಕಿ ಬಳಸುವುದು ವೆಬ್‌ವಿಟಿಟಿ ಎಂಬ ಇನ್ನೊಂದು ಬಗೆಯಲ್ಲಿ. ಬಣ್ಣ, ಫಾಂಟ್, ಕನ್ನಡವೋ ತಮಿಳೋ ಎಂಬ ಗುರುತು, ಯಾವುದೂ ಇದರಲ್ಲಿಲ್ಲ. ಡಿವಿಡಿಯ ಸಬ್‌ಟೈಟಲ್‌ಗಳನ್ನು ಓದಿ ಪಠ್ಯವಾಗಿಸುತ್ತಿದ್ದ ಸಬ್‌ರಿಪ್ ಎಂಬ ತಂತ್ರಾಂಶದಿಂದ ಬಂದ ರೂಪ ಇದು. ಇಷ್ಟು ಸರಳವಾಗಿರುವುದರಿಂದಲೇ ಎಲ್ಲ ಕಡೆ ನಡೆಯುತ್ತದೆ. ಒಳಗಿನ ಅಕ್ಷರ ಯಾವ ಸಂಕೇತಕ್ರಮದಲ್ಲಿ (ಎನ್‌ಕೋಡಿಂಗ್‌ನಲ್ಲಿ) ಇದೆ ಎಂದು ಹೇಳಿಕೊಳ್ಳದೇ ಇರುವುದರಿಂದ ಕನ್ನಡಕ್ಕೆ ತೊಂದರೆಯನ್ನೂ ಕೊಡುತ್ತದೆ.

ಈಗ ಆ ಕಲಸುಮೇಲೋಗರವನ್ನು ಹತ್ತಿರದಿಂದ ನೋಡಿ. ಇಂಗ್ಲಿಷಿನ ಸಣ್ಣ ‘ಎ’ ಅಕ್ಷರ, ಅದರ ತಲೆಯ ಮೇಲೊಂದು ಓರೆ ಗೆರೆ, ಪಕ್ಕದಲ್ಲಿ ಮೇಲಕ್ಕೆ ಏರಿಸಿದ ಪುಟ್ಟ 2 ಅಥವಾ 3, ಆಮೇಲೆ ಇನ್ನೇನೋ ಒಂದು ಗುರುತು, ಮತ್ತೆ ಅದೇ ‘ಎ’, ಮತ್ತೆ ಪುಟ್ಟ 2 ಅಥವಾ 3. ಹೀಗೆ ಒಂದು ಲಯ ಕಾಣುತ್ತಿದೆಯೇ? ಹಾಗಿದ್ದರೆ ಸಮಾಧಾನವಾಗಿರಿ, ಫೈಲಿಗೆ ಏನೂ ಆಗಿಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿಗೆ ಯೂನಿಕೋಡ್ ಎಂದು ಹೆಸರು. ಅದರಲ್ಲಿರುವ ಕನ್ನಡದ ಪ್ರತಿ ಚಿಹ್ನೆಯೂ, ಆ ಸಂಖ್ಯೆಗಳನ್ನು ಫೈಲಿನಲ್ಲಿ ಬರೆದಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ, ಮೂರು ಬೈಟ್ (ಕಂಪ್ಯೂಟರಿನ ಸಂಗ್ರಹದ ಪುಟ್ಟ ಘಟಕ) ಆಗಿ ಉಳಿಯುತ್ತದೆ. ಆ ಮೂರರಲ್ಲಿ ಮೊದಲ ಬೈಟ್ ಎಲ್ಲ ಕನ್ನಡ ಚಿಹ್ನೆಗಳಿಗೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ನಿಮ್ಮ ವಿಎಲ್‌ಸಿ ಆ ಬೈಟ್‌ಗಳನ್ನು ಮೂರು ಮೂರಾಗಿ ಜೋಡಿಸಿ ಓದದೆ, ಒಂದೊಂದನ್ನೂ ಒಂದೊಂದು ಐರೋಪ್ಯ ಅಕ್ಷರವೆಂದು ಓದುತ್ತಿದೆ. ಓದುವ ಕ್ರಮ ಬದಲಿಸಿದರೆ ಮುಗಿಯಿತು. ವಿಎಲ್‌ಸಿಯ ಟೂಲ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್‌ಗೆ ಹೋಗಿ, ಮೇಲಿನ ಸಾಲಿನಲ್ಲಿ ಸಬ್‌ಟೈಟಲ್ಸ್ ಎಂಬ ಭಾಗ ಒತ್ತಿ. ಅಲ್ಲಿ ಡೀಫಾಲ್ಟ್ ಎನ್‌ಕೋಡಿಂಗ್ ಎಂಬಲ್ಲಿ ಯುಟಿಎಫ್-8 ಆರಿಸಿ, ಸೇವ್ ಮಾಡಿ, ವಿಎಲ್‌ಸಿಯನ್ನು ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಮುಚ್ಚಿ ತೆರೆಯದಿದ್ದರೆ ಬದಲಾವಣೆ ಹಿಡಿಯುವುದಿಲ್ಲ, ಇದನ್ನು ಬಹಳ ಜನ ಮರೆಯುತ್ತಾರೆ.

ಈ ಲಯ ಕಾಣದೆ, ಬೇರೆ ಬೇರೆ ಅಕ್ಷರಗಳು ಯಾವ ಕ್ರಮವೂ ಇಲ್ಲದೆ ಚೆಲ್ಲಿಕೊಂಡಿದ್ದರೆ ಕಥೆ ಬೇರೆ. ಆಗ ಆ ಪಠ್ಯವನ್ನು ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್ ಕ್ರಮದಲ್ಲಿ ಟೈಪ್ ಮಾಡಿರುವ ಸಾಧ್ಯತೆ ಹೆಚ್ಚು. ಆ ಕ್ರಮದಲ್ಲಿ ಫೈಲಿನೊಳಗೆ ಇರುವುದು ನಿಜವಾಗಿಯೂ ಇಂಗ್ಲಿಷ್ ಮತ್ತು ಐರೋಪ್ಯ ಚಿಹ್ನೆಗಳೇ. ನುಡಿಯ ಫಾಂಟ್ ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತದೆ, ಅಷ್ಟೇ. ಪತ್ರಿಕಾಲಯ, ಡಿಟಿಪಿ ಅಂಗಡಿ, ಸರ್ಕಾರಿ ಕಚೇರಿಗಳಲ್ಲಿ ಈ ಬಗೆಯ ಫೈಲು ಇವತ್ತಿಗೂ ರಾಶಿ ರಾಶಿ ಇದೆ. ವಿಡಿಯೊ ಪ್ಲೇಯರಿಗೆ ಆ ಫಾಂಟನ್ನೇ ಕೊಟ್ಟು ಹೇಗೋ ತೋರಿಸುವ ಉಪಾಯಗಳನ್ನು ಕೆಲವರು ಹೇಳುತ್ತಾರೆ. ಅದರ ಸಹವಾಸ ಬೇಡ. ನುಡಿ, ಬರಹ ಎರಡರ ಜೊತೆಗೂ ಯೂನಿಕೋಡ್ ಪರಿವರ್ತಕ ಬರುತ್ತದೆ. ಮಾತಿನ ಸಾಲುಗಳನ್ನು ಅದರಲ್ಲಿ ಹಾಯಿಸಿ ಯೂನಿಕೋಡ್ ಮಾಡಿಕೊಳ್ಳಿ. ಸಮಯದ ಸಾಲುಗಳು ಪರಿವರ್ತಕದಲ್ಲಿ ಕೆಡದಂತೆ ನೋಡಿಕೊಳ್ಳಬೇಕು, ಅಂಕಿಗಳು ಕನ್ನಡ ಅಂಕಿಗಳಾಗಿ ಹೊರಬರುವುದುಂಟು. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ, ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲೇ. ನಿಮ್ಮ ಮಗಳು ಈಗಿನ ಕಾಲದವಳು, ಮೊಬೈಲಿನಲ್ಲಿ ಟೈಪ್ ಮಾಡುವ ಹಾಗೆಯೇ ಯೂನಿಕೋಡಿನಲ್ಲಿ ಮಾಡಿರುತ್ತಾಳೆ ಎಂದುಕೊಳ್ಳುತ್ತೇನೆ.

ಪ್ರಶ್ನಾರ್ಥಕ ಚಿಹ್ನೆಗಳ ಪ್ರತಿಯ ಬಗ್ಗೆ ಹೇಳುವುದು ಕಷ್ಟದ ಮಾತು. ಅದು ಹೋಯಿತು. ಹಳೆಯ ನೋಟ್‌ಪ್ಯಾಡ್‌ನಲ್ಲಿ ಫೈಲನ್ನು ಆನ್ಸಿ ಎಂಬ ಕ್ರಮದಲ್ಲಿ ಸೇವ್ ಮಾಡಿದರೆ, ಆ ಕ್ರಮದಲ್ಲಿ ಕನ್ನಡಕ್ಕೆ ಜಾಗವೇ ಇಲ್ಲದ ಕಾರಣ ಒಂದೊಂದು ಚಿಹ್ನೆಯನ್ನೂ ತೆಗೆದು ಅಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಬರೆದುಬಿಡುತ್ತದೆ. ಇದು ಕಾಣಿಸುವಿಕೆಯ ತೊಂದರೆಯಲ್ಲ. ಫೈಲಿನೊಳಗೆ ಈಗ ಇರುವುದೇ ಪ್ರಶ್ನಾರ್ಥಕ ಚಿಹ್ನೆ. ಯಾವ ತಂತ್ರಾಂಶವೂ ಅದರಿಂದ ಕನ್ನಡವನ್ನು ಹಿಂದಕ್ಕೆ ತರಲಾರದು. ಸೇವ್ ಮಾಡುವಾಗ, ಯೂನಿಕೋಡ್ ಅಕ್ಷರಗಳು ನಷ್ಟವಾಗುತ್ತವೆ ಎಂದು ಒಂದು ಎಚ್ಚರಿಕೆ ಬಂದಿರುತ್ತದೆ, ಓದದೆ ಓಕೆ ಒತ್ತುವವರೇ ಜಾಸ್ತಿ. 2019ರಲ್ಲಿ ಬಂದ ವಿಂಡೋಸ್ 10ರ ಪರಿಷ್ಕರಣೆಯಿಂದೀಚೆಗೆ ನೋಟ್‌ಪ್ಯಾಡ್ ತಾನಾಗಿಯೇ ಯುಟಿಎಫ್-8 ಹಿಡಿಯುತ್ತದೆ. ನಿಮ್ಮ ಲ್ಯಾಪ್‌ಟಾಪ್ ಅದಕ್ಕಿಂತ ಹಳೆಯದಿದ್ದರೆ, ಸೇವ್ ಆ್ಯಸ್ ಒತ್ತಿ ಕೆಳಗಿರುವ ಎನ್‌ಕೋಡಿಂಗ್ ಪಟ್ಟಿಯಲ್ಲಿ ಯುಟಿಎಫ್-8 ಆರಿಸುವುದನ್ನು ರೂಢಿ ಮಾಡಿಕೊಳ್ಳಿ. ಆ ಕೆಟ್ಟ ಪ್ರತಿಯನ್ನು ಅಳಿಸಿಹಾಕಿ, ಇಲ್ಲದಿದ್ದರೆ ಯಾವತ್ತೋ ಒಂದು ದಿನ ಒಳ್ಳೆಯದರ ಮೇಲೆ ಅದೇ ಕೂತುಕೊಳ್ಳುತ್ತದೆ.

ಅಕ್ಷರ ಬಂದರೂ ಒತ್ತಕ್ಷರ ಒಡೆದು ‘ಕೃಷ್‌ಣ’ ಎಂದು ಅರ್ಧಾಕ್ಷರ ಬೇರೆ, ಣಕಾರ ಬೇರೆಯಾಗಿ ಕಾಣಬಹುದು. ಅದು ಪ್ಲೇಯರಿನ ದೋಷ. ಕನ್ನಡದ ಚಿಹ್ನೆಗಳನ್ನು ಒಂದರ ಮುಂದೆ ಒಂದು ಇಟ್ಟರೆ ಸಾಲದು, ಷಕಾರದ ಕೆಳಗೆ ಣಕಾರವನ್ನು ಒತ್ತಾಗಿಸಿ ಕೂರಿಸುವ ಕೆಲಸವನ್ನು ತಂತ್ರಾಂಶವೇ ಮಾಡಬೇಕು. ಹಳೆಯ ಪ್ಲೇಯರುಗಳು ಅದನ್ನು ಮಾಡುತ್ತಿರಲಿಲ್ಲ. ಹೊಸ ವಿಎಲ್‌ಸಿ ಮಾಡುತ್ತದೆ. ಅದರ ಸಬ್‌ಟೈಟಲ್ ಸೆಟ್ಟಿಂಗಿನಲ್ಲೇ ಫಾಂಟ್ ಎಂಬಲ್ಲಿ ವಿಂಡೋಸ್‌ನೊಡನೆ ಬರುವ ನಿರ್ಮಲಾ ಯುಐ ಅಥವಾ ನೀವು ಹಾಕಿಕೊಂಡ ನೋಟೋ ಸಾನ್ಸ್ ಕನ್ನಡ ಆರಿಸಿದರೆ ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಅದರದರ ಜಾಗದಲ್ಲಿ ಬರುತ್ತವೆ. ‘ರ‍್ಯಾಲಿ’, ‘ರ‍್ಯಾಂಕ್’ ಥರದ ಪದಗಳ ನಡುವೆ ಮಾತ್ರ ಪುಟ್ಟ ಚೌಕ ಕಂಡರೆ, ಅಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಇದೆ, ಆ ಫಾಂಟಿಗೆ ಅದು ಗೊತ್ತಿಲ್ಲ ಎಂದರ್ಥ. ಫಾಂಟ್ ಬದಲಿಸಿದರೆ ಹೋಗುತ್ತದೆ.

ಇನ್ನು ಕೆಲವು ಸಣ್ಣಪುಟ್ಟವು. ಸಬ್‌ಟೈಟಲ್ ಬರುವುದೇ ಇಲ್ಲ ಎಂದಾದರೆ ಮೊದಲು ಫೈಲಿನ ಹೆಸರು ನೋಡಿ. ವಿಡಿಯೊದ ಹೆಸರು, ಸಬ್‌ಟೈಟಲಿನ ಹೆಸರು ಅಕ್ಷರಶಃ ಒಂದೇ ಇರಬೇಕು, ಕೊನೆಯಲ್ಲಿ ಚುಕ್ಕಿಯ ನಂತರ ಬರುವ ಬಾಲ ಮಾತ್ರ ಬೇರೆ. ವಿಂಡೋಸ್ ಆ ಬಾಲವನ್ನು ಮುಚ್ಚಿಡುವುದರಿಂದ, ನೋಟ್‌ಪ್ಯಾಡಿನಲ್ಲಿ ಉಳಿಸಿದ ಫೈಲಿಗೆ ಎಸ್‌ಆರ್‌ಟಿಯ ಹಿಂದೆ ಟಿಎಕ್ಸ್‌ಟಿ ಎಂಬ ಇನ್ನೊಂದು ಬಾಲ ಅಂಟಿಕೊಂಡಿದ್ದರೂ ಕಾಣುವುದಿಲ್ಲ. ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಟಿಕ್ ಹಾಕಿ ನೋಡಿ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಸಬ್‌ಟೈಟಲ್ ಟೈಪ್ ಮಾಡಲೇಬೇಡಿ. ಎರಡು ಅಡ್ಡಗೆರೆ ಒಂದು ಕೋನ ಒತ್ತಿದ ಕೂಡಲೇ ಅದು ಚಂದದ ಬಾಣವಾಗಿ ಬದಲಿಸಿಬಿಡುತ್ತದೆ, ಪ್ಲೇಯರಿಗೆ ಆ ಬಾಣ ಅರ್ಥವಾಗದು. ಇಡೀ ಫೈಲನ್ನು ಯಂತ್ರಾನುವಾದಕ್ಕೆ ಹಾಕಿದರೂ ಬಾಣದ ಗುರುತು, ಅದರ ಅಕ್ಕಪಕ್ಕದ ಜಾಗ ಕೆಡುತ್ತದೆ. ಇಂಥ ಫೈಲುಗಳಲ್ಲಿ ತುಂಬ ಸಲ ಕಾಣುವ ಇನ್ನೊಂದು ದೋಷ ಕನ್ನಡದವರಿಗೇ ವಿಶಿಷ್ಟ: ಕನ್ನಡ ಕೀಲಿಮಣೆ ಆನ್ ಇರುವಾಗಲೇ ಸಮಯ ತಿದ್ದಿದರೆ 41 ಹೋಗಿ ೪೧ ಆಗಿರುತ್ತದೆ. ಕಣ್ಣಿಗೆ ಅದು ಸರಿಯಾಗಿಯೇ ಇದೆ. ಪ್ಲೇಯರು ಮಾತ್ರ ಆ ಸಾಲನ್ನು ಸಮಯವೆಂದೇ ಎಣಿಸುವುದಿಲ್ಲ, ಮಾತು ಮಾಯ. ಎಲ್ಲವೂ ಸರಿಯಿದ್ದು ನಡುವೆ ಒಂದೆರಡು ಸಾಲು ಮಾತ್ರ ಬಾರದಿದ್ದರೆ ಇದನ್ನೇ ಮೊದಲು ಹುಡುಕಿ. ಮೊಟ್ಟಮೊದಲ ಸಾಲೊಂದೇ ಬಾರದಿದ್ದರೆ, ಫೈಲಿನ ತಲೆಯಲ್ಲಿ ಬಿಓಎಂ ಎಂಬ ಕಾಣದ ಗುರುತು ಕೂತಿರುತ್ತದೆ. ಅದಿಲ್ಲದ ಯುಟಿಎಫ್-8 ಆಗಿ ಮತ್ತೆ ಉಳಿಸಿದರೆ ಆಯಿತು.

ಈಗ ಏಳು ಸೆಕೆಂಡು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಉಪಯೋಗಕ್ಕೆ ಬಂದ ಮಾತು ಅದು. ಆರಂಭದಲ್ಲಿ ಸರಿ, ಬರಬರುತ್ತಾ ವ್ಯತ್ಯಾಸ ಬೆಳೆಯುತ್ತದೆ, ಎರಡು ಗಂಟೆಯ ಕೊನೆಗೆ ಏಳು ಸೆಕೆಂಡು, ಅಕ್ಷರ ಮುಂಚೆ, ಮಾತು ಆಮೇಲೆ. ಇಷ್ಟು ಹೇಳಿದರೆ ಕಾರಣ ಬಹುಮಟ್ಟಿಗೆ ಹೇಳಿದಂತೆಯೇ.

ವಿಡಿಯೊ ಎಂದರೆ ಒಂದರ ಹಿಂದೊಂದು ಓಡುವ ಸ್ಥಿರಚಿತ್ರಗಳು (ಫ್ರೇಮ್). 30 ಚಿತ್ರಗಳ ವೇಗ ಎಂದು ನಾವು ಕರೆಯುವ ವಿಡಿಯೊ ಬಹಳ ಸಲ ನಿಜಕ್ಕೂ ಸೆಕೆಂಡಿಗೆ 30 ಚಿತ್ರಗಳದ್ದಲ್ಲ, 29.97ರದ್ದು. ಅಮೆರಿಕದಲ್ಲಿ 1953ರಲ್ಲಿ ಬಣ್ಣದ ಟಿವಿಯ ಮಾನದಂಡ ಒಪ್ಪಿಗೆಯಾದಾಗ, ಬಣ್ಣದ ಸಂಕೇತವೂ ಧ್ವನಿಯ ಸಂಕೇತವೂ ಒಂದಕ್ಕೊಂದು ತೊಡರದಿರಲಿ ಎಂದು ಚಿತ್ರವೇಗವನ್ನು ಸಾವಿರದ ಒಂದು ಪಾಲಿನಷ್ಟು ತಗ್ಗಿಸಿದರು. ಆ ಹೊಂದಾಣಿಕೆ ಇವತ್ತಿನ ಕ್ಯಾಮೆರಾಗಳವರೆಗೂ ಹರಿದುಬಂದಿದೆ. ಎಡಿಟಿಂಗ್ ತಂತ್ರಾಂಶದಲ್ಲಿ ಹೊತ್ತು ಎಣಿಸುವ ಗಣಕ (ಕೌಂಟರ್) ಮಾತ್ರ, ಬೇರೆ ರೀತಿ ಹೇಳದಿದ್ದರೆ, 30 ಚಿತ್ರ ಕಳೆದಾಗಲೆಲ್ಲ ಒಂದು ಸೆಕೆಂಡು ಎಂದು ಬರೆದುಕೊಳ್ಳುತ್ತ ಹೋಗಬಹುದು. ಹಾಗೆ ಎಣಿಸಿದರೆ ಗಡಿಯಾರದ ಒಂದು ಗಂಟೆ ಕಳೆದಾಗ ಗಣಕದಲ್ಲಿ ಇನ್ನೂ 59 ನಿಮಿಷ 56 ಸೆಕೆಂಡು ಚಿಲ್ಲರೆ. ಗಂಟೆಗೆ 3.6 ಸೆಕೆಂಡು ಕಡಿಮೆ. ಎರಡು ಗಂಟೆಗೆ 7.2. ನಿಮ್ಮ ಏಳು ಸೆಕೆಂಡು ಇದೇ. ಮಗಳು ಎಡಿಟಿಂಗ್ ತಂತ್ರಾಂಶದ ಗಣಕ ನೋಡಿ ಹೊತ್ತು ಬರೆದುಕೊಂಡಿದ್ದಾಳೋ, ಅಥವಾ ಅದರಿಂದಲೇ ಸಬ್‌ಟೈಟಲ್ ಹೊರತೆಗೆದಿದ್ದಾಳೋ ಕೇಳಿ ನೋಡಿ.

ವ್ಯತ್ಯಾಸದ ಮೊತ್ತ ಬೇರೆಯಿದ್ದರೆ ಕಾರಣವೂ ಬೇರೆ. ಗಂಟೆಗೆ ಎರಡೂವರೆ ನಿಮಿಷದ ಆಸುಪಾಸು ಜಾರುತ್ತಿದ್ದರೆ ಅದು 24 ಅಥವಾ 23.976ರ ವೇಗಕ್ಕೂ 25ರ ವೇಗಕ್ಕೂ ಇರುವ ಅಂತರ. ಸಿನಿಮಾದ ಸಬ್‌ಟೈಟಲನ್ನು ಎಲ್ಲಿಂದಲೋ ಇಳಿಸಿಕೊಂಡು ಡಿವಿಡಿ ಪ್ರತಿಗೆ ಜೋಡಿಸುವವರಿಗೆ ಇದು ನಿತ್ಯದ ಗೋಳು. ಭಾರತದ ಟಿವಿ ಪದ್ಧತಿ 25ರದ್ದು. ಜಾರುವುದೇ ಇಲ್ಲ, ಮೊದಲಿಂದ ಕೊನೆಯವರೆಗೂ ಒಂದೇ ಅಂತರ ಎಂದಾದರೆ, ವಿಡಿಯೊದ ಮುಂದೆ ಯಾರೋ ಶೀರ್ಷಿಕೆಯ ಚಿತ್ರ ಸೇರಿಸಿದ್ದಾರೆ ಅಥವಾ ಕತ್ತರಿಸಿದ್ದಾರೆ. ಅರ್ಧದವರೆಗೆ ಸರಿಯಿದ್ದು ಒಮ್ಮೆಲೇ ಹಾರಿ, ಆಮೇಲೆ ಅದೇ ಅಂತರ ಉಳಿದರೆ ನಡುವೆ ಒಂದು ತುಂಡು ಹೋಗಿದೆ. ತಾಳಮದ್ದಳೆಯಲ್ಲಿ ಚಹಾ ವಿರಾಮವನ್ನೋ ಸನ್ಮಾನವನ್ನೋ ಕತ್ತರಿಸಿದ ಪ್ರತಿಗೆ, ಕತ್ತರಿಸದ ಪ್ರತಿ ನೋಡಿ ಮಾಡಿದ ಸಬ್‌ಟೈಟಲ್ ಜೋಡಿಸಿದರೆ ಹೀಗಾಗುತ್ತದೆ. ಅದಕ್ಕೇ ಮೊದಲು ಮೂರು ಕಡೆ ನೋಡಬೇಕು: ಮೊದಲ ಮಾತು, ನಡುಮಧ್ಯದ ಒಂದು ಮಾತು, ಕೊನೆಯ ಮಾತು. ನಿಮ್ಮಲ್ಲಿ ನಡುವೆ ಸುಮಾರು ಮೂರೂವರೆ ಸೆಕೆಂಡು ಬಂದರೆ ನನ್ನ ಲೆಕ್ಕ ಸರಿ.

ಸರಿಪಡಿಸಲು ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶ ಇಳಿಸಿಕೊಳ್ಳಿ. ಅದರಲ್ಲಿ ಫೈಲನ್ನೂ ವಿಡಿಯೊವನ್ನೂ ತೆರೆದು, ಸಿಂಕ್ರೊನೈಸೇಷನ್ ಮೆನುವಿನಲ್ಲಿ ಚೇಂಜ್ ಫ್ರೇಮ್ ರೇಟ್ ಆರಿಸಿ, 30ರಿಂದ 29.97ಕ್ಕೆ ಎಂದು ಕೊಡಿ. ಪ್ರತಿ ಸಾಲಿನ ಹೊತ್ತೂ ಸಾವಿರದ ಒಂದು ಪಾಲಿನಷ್ಟು ಹಿಗ್ಗುತ್ತದೆ. ಅದಲುಬದಲಾಗಿ ಕೊಟ್ಟರೆ ಕೊನೆಯ ಅಂತರ ಏಳರಿಂದ ಹದಿನಾಲ್ಕಕ್ಕೆ ಏರುತ್ತದೆ. ಆಗ ಗಾಬರಿಯಾಗದೆ ಹಿಂದಕ್ಕೆ ಬಂದು ತಿರುಗಿಸಿ ಕೊಡಿ. ಈ ದಶಮಾಂಶಗಳ ಗೊಡವೆಯೇ ಬೇಡ ಎನ್ನುವುದಾದರೆ ಅದೇ ಮೆನುವಿನಲ್ಲಿರುವ ಪಾಯಿಂಟ್ ಸಿಂಕ್ ಬಳಸಿ. ನಾನು ಹೆಚ್ಚಾಗಿ ಹೇಳುವುದು ಇದನ್ನೇ. ಆರಂಭದ ಒಂದು ಮಾತು ನಿಜವಾಗಿ ಯಾವಾಗ ಬರುತ್ತದೆ, ಕೊನೆಯ ಒಂದು ಮಾತು ಯಾವಾಗ ಬರುತ್ತದೆ ಎಂದು ತೋರಿಸಿಕೊಟ್ಟರೆ ನಡುವಿನದನ್ನೆಲ್ಲ ತಾನೇ ಅಳೆದು ಹೊಂದಿಸುತ್ತದೆ. ಮಾತು ಆರಿಸುವಾಗ ಭಾಗವತರ ಪದ್ಯ ಬೇಡ, ರಾಗಾಲಾಪದಲ್ಲಿ ಶುರು ಎಲ್ಲಿ ಎಂದು ಹಿಡಿಯುವುದು ಕಷ್ಟ. ‘ಎಲವೋ’ ಎಂದು ಗಟ್ಟಿಯಾಗಿ ಎತ್ತುವ ಒಂದು ಅರ್ಥದ ಸಾಲು ಹಿಡಿಯಿರಿ.

ವಿಎಲ್‌ಸಿಯಲ್ಲಿ ಜಿ ಮತ್ತು ಎಚ್ ಕೀಲಿ ಒತ್ತಿ ಸಬ್‌ಟೈಟಲನ್ನು ಹಿಂದೆ ಮುಂದೆ ಸರಿಸಬಹುದು, ಒಂದು ಒತ್ತಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಪಾಲು. ನೋಡುವಾಗಿನ ತಾತ್ಕಾಲಿಕ ಉಪಾಯ ಅದು, ಫೈಲಿನಲ್ಲಿ ಏನೂ ಬದಲಾಗುವುದಿಲ್ಲ. ಜಾರುವ ದೋಷಕ್ಕೆ ಅದು ಮದ್ದೂ ಅಲ್ಲ.

ಮೊಬೈಲಿನಲ್ಲಿ ಚಿತ್ರೀಕರಿಸಿದ ವಿಡಿಯೊ ಆಗಿದ್ದರೆ ಇನ್ನೊಂದು ಮಾತು. ಫೋನುಗಳು ಬೆಳಕಿಗೆ ತಕ್ಕಂತೆ ಚಿತ್ರವೇಗವನ್ನು ಏರಿಸಿ ಇಳಿಸುತ್ತವೆ. ಅಂಥ ವಿಡಿಯೊವನ್ನು ಎಡಿಟಿಂಗ್‌ಗೆ ಹಾಕುವ ಮುಂಚೆಯೇ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ ಎಂದು ಆರಿಸಿ ಒಂದು ಪ್ರತಿ ತೆಗೆದುಕೊಂಡು, ಆ ಪ್ರತಿಯ ಮೇಲೆಯೇ ಸಬ್‌ಟೈಟಲ್ ಕೆಲಸ ಶುರು ಮಾಡಬೇಕು.

ಟಿವಿಯ ಚೌಕಗಳಿಗೆ ಬರೋಣ. ಟಿವಿಯೊಳಗಿನ ಪ್ಲೇಯರಿನ ಹತ್ತಿರ ಕನ್ನಡದ ಫಾಂಟ್ ಇಲ್ಲ. ಅಕ್ಷರ ಬಂದಿದೆ, ಅದನ್ನು ಬಿಡಿಸಲು ಆಕಾರ ಗೊತ್ತಿಲ್ಲ, ಹಾಗಾಗಿ ಚೌಕ. ನಿಮ್ಮ ಫೈಲಿನಲ್ಲಿ ಏನು ತಿದ್ದಿದರೂ ಇದು ಸರಿಹೋಗದು. ಎಷ್ಟೋ ಟಿವಿಗಳಲ್ಲಿ ಹೀಗೇ. ಕನ್ನಡದಲ್ಲೇ ಜಾಹೀರಾತು ಮಾಡಿ ಮಾರುವ ಪೆಟ್ಟಿಗೆಯಲ್ಲಿ ಒಂದು ಕನ್ನಡ ಫಾಂಟ್ ಹಾಕುವುದು ತಯಾರಕರಿಗೆ ಭಾರವಾಗುವ ಮಾತೇ ಅಲ್ಲ, ಕೊಳ್ಳುವಾಗ ನಾವು ಕೇಳುವುದಿಲ್ಲ, ಅವರು ಹಾಕುವುದಿಲ್ಲ. ಮುಂದಿನ ಸಲ ಟಿವಿ ಕೊಳ್ಳಲು ಹೋಗುವಾಗ ಒಂದು ಕನ್ನಡ ಸಬ್‌ಟೈಟಲ್ ಇರುವ ವಿಡಿಯೊವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು ಅಂಗಡಿಯಲ್ಲೇ ಹಾಕಿಸಿ ನೋಡಿ.

ನಿಮ್ಮದು ಆಂಡ್ರಾಯ್ಡ್ ಟಿವಿಯಾಗಿದ್ದರೆ ವಿಎಲ್‌ಸಿ ಆ್ಯಪ್ ಹಾಕಿಕೊಂಡು ಅದರಲ್ಲಿ ತೆರೆದು ನೋಡಿ, ಅಷ್ಟಕ್ಕೇ ಸರಿಹೋಗಬಹುದು. ಇಲ್ಲವೇ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಲ್ಲಿ ಟಿವಿಗೆ ಜೋಡಿಸಬಹುದು. ಆದರೆ ಅಪ್ಪ ತಾವೇ ರಿಮೋಟ್ ಹಿಡಿದು, ಬೇಕಾದಾಗ ಹಾಕಿಕೊಂಡು ನೋಡುವಂತಿರಬೇಕು. ಅದಕ್ಕೆ ನನ್ನ ಸಲಹೆ, ಅಕ್ಷರಗಳನ್ನು ಚಿತ್ರದೊಳಗೇ ಅಚ್ಚೊತ್ತಿಬಿಡಿ. ಹಾಗೆ ಮಾಡಿದರೆ ಟಿವಿಗೆ ಕನ್ನಡ ಗೊತ್ತಿರಬೇಕಾದ ಅಗತ್ಯವೇ ಇಲ್ಲ, ಅದರ ಪಾಲಿಗೆ ಅದೊಂದು ಚಿತ್ರ ಮಾತ್ರ.

ಅಚ್ಚೊತ್ತಿದ್ದನ್ನು ತೆಗೆಯಲಾಗದು, ತಿದ್ದಲಾಗದು. ಆದ್ದರಿಂದ ಅಕ್ಷರವೂ ಸಮಯವೂ ಪೂರ್ತಿ ಸರಿಯಾದ ಮೇಲೆಯೇ ಇದಕ್ಕೆ ಕೈ ಹಾಕಿ. ಹ್ಯಾಂಡ್‌ಬ್ರೇಕ್‌ನಲ್ಲಿ ವಿಡಿಯೊ ತೆರೆದು, ಸಬ್‌ಟೈಟಲ್ಸ್ ವಿಭಾಗದಲ್ಲಿ ಇಂಪೋರ್ಟ್ ಒತ್ತಿ ಫೈಲ್ ತೋರಿಸಿ, ಕ್ಯಾರಕ್ಟರ್ ಕೋಡ್ ಯುಟಿಎಫ್-8 ಎಂದಿದೆಯೇ ನೋಡಿ, ಬರ್ನ್ ಇನ್ ಎಂಬುದಕ್ಕೆ ಟಿಕ್ ಹಾಕಿ. ವಿಡಿಯೊ ವಿಭಾಗದಲ್ಲಿ ಫ್ರೇಮ್‌ರೇಟ್ ಮೂಲದಂತೆಯೇ ಇರಲಿ. ಗುಣಮಟ್ಟದ ಅಂಕಿ 20ರಿಂದ 22ರೊಳಗೆ ಇಟ್ಟರೆ ಚೆನ್ನ, ಅಲ್ಲಿ ಅಂಕಿ ಇಳಿದಷ್ಟೂ ಚಿತ್ರ ಚೊಕ್ಕ, ಫೈಲು ದೊಡ್ಡದು. ಇಡೀ ಎರಡು ಗಂಟೆಯನ್ನು ಒಮ್ಮೆಲೇ ಹಾಕಬೇಡಿ. ಸೆಕೆಂಡ್ಸ್ ಎಂಬ ವ್ಯಾಪ್ತಿ ಆರಿಸಿ ಮೊದಲ ಕೆಲವು ನಿಮಿಷಗಳ ಒಂದು ತುಣುಕು ತೆಗೆದು, ಅದನ್ನು ಅಪ್ಪ ಕೂರುವ ಕುರ್ಚಿಯಿಂದಲೇ ಟಿವಿಯಲ್ಲಿ ನೋಡಿ.

ಅಕ್ಷರದ ಗಾತ್ರ, ಫಾಂಟ್ ನಿಮ್ಮ ಕೈಯಲ್ಲೇ ಇರಬೇಕೆಂದರೆ, ಸಬ್‌ಟೈಟಲ್ ಎಡಿಟ್‌ನಲ್ಲಿ ಎಸ್‌ಆರ್‌ಟಿಯನ್ನು ಎಎಸ್‌ಎಸ್ ಎಂಬ ರೂಪದಲ್ಲಿ ಇನ್ನೊಂದು ಪ್ರತಿಯಾಗಿ ಉಳಿಸಿ, ಅದರ ಶೈಲಿಯಲ್ಲಿ ಫಾಂಟ್ ನೋಟೋ ಸಾನ್ಸ್ ಕನ್ನಡ ಎಂದು ಕೊಟ್ಟು, ಹ್ಯಾಂಡ್‌ಬ್ರೇಕ್‌ಗೆ ಆ ಪ್ರತಿಯನ್ನು ಕೊಡಿ. ಬಿಳಿ ಅಕ್ಷರ, ದಪ್ಪ ಕಪ್ಪು ಅಂಚು. ತಾಳಮದ್ದಳೆಯಲ್ಲಿ ಅರ್ಥಧಾರಿಗಳ ಬಿಳಿ ಜುಬ್ಬ, ಪಂಚೆ ಪರದೆಯ ಕೆಳಭಾಗದಲ್ಲೇ ಬರುವುದರಿಂದ ಅಂಚಿಲ್ಲದ ಬಿಳಿ ಅಕ್ಷರ ಅದರಲ್ಲಿ ಕರಗಿಹೋಗುತ್ತದೆ. ಕೆಳಗಿನ ಅಂಚಿನಿಂದ ಸ್ವಲ್ಪ ಜಾಸ್ತಿಯೇ ಜಾಗ ಬಿಡಿ. ಕನ್ನಡದ ಒತ್ತುಗಳು ಸಾಲಿನ ಕೆಳಗೆ ಇಳಿಯುತ್ತವೆ, ‘ಸ್ತ್ರೀ’, ‘ರಾಷ್ಟ್ರ’ ಥರದ ಪದಗಳಲ್ಲಿ ಎರಡು ಒತ್ತು ಬರುತ್ತದೆ. ಟಿವಿ ಪರದೆಯ ಅಂಚನ್ನು ತುಸು ಕತ್ತರಿಸಿದರೂ ಒತ್ತು ಹೋಗಿ ಪದವೇ ಬದಲಾಗುತ್ತದೆ. ಎರಡು ಸಾಲಿರುವಾಗ ಮೇಲಿನ ಸಾಲಿನ ಒತ್ತು, ಕೆಳಸಾಲಿನ ಗುಡಿಸು ಒಂದಕ್ಕೊಂದು ತಾಗುತ್ತಿದ್ದರೆ ಬೇರೆ ಫಾಂಟ್ ನೋಡಿ. ಭಾಗವತರ ಪದ್ಯವನ್ನು ಓರೆ ಅಕ್ಷರದಲ್ಲಿ ಹಾಕುವ ಆಸೆ ಬಿಡಿ. ಕನ್ನಡ ಲಿಪಿಗೆ ಓರೆ ರೂಪದ ರೂಢಿಯಿಲ್ಲ, ತಂತ್ರಾಂಶ ಬಲವಂತವಾಗಿ ವಾಲಿಸಿದ ಅಕ್ಷರ ವಯಸ್ಸಾದವರ ಕಣ್ಣಿಗೆ ಹಿಂಸೆ. ಪದ್ಯಕ್ಕೆ ತಿಳಿ ಹಳದಿ ಬಣ್ಣ ಕೊಟ್ಟರೆ ಸಾಕು.

ಕಿವಿ ಕೇಳದವರಿಗಾಗಿ ಮಾಡುತ್ತಿರುವುದರಿಂದ ಯಾರ ಮಾತು ಎಂದು ಪ್ರತಿ ಸಲ ಮಾತುಗಾರ ಬದಲಾದಾಗ ಪಾತ್ರದ ಹೆಸರು ಹಾಕಿ. ತಾಳಮದ್ದಳೆಯಲ್ಲಿ ವೇಷವಿಲ್ಲ, ಸಾಲಾಗಿ ಕೂತವರಲ್ಲಿ ತುಟಿ ಅಲ್ಲಾಡುವುದನ್ನು ನೋಡಿ ಕೃಷ್ಣನೋ ಕೌರವನೋ ಎಂದು ಹುಡುಕುವಷ್ಟರಲ್ಲಿ ಸಾಲು ಹೋಗಿರುತ್ತದೆ. ಚೆಂಡೆಯ ಏರು, ಸಭೆಯ ನಗು, ಚಪ್ಪಾಳೆ ಇವನ್ನೂ ಆವರಣದೊಳಗೆ ಒಂದೊಂದು ಪದದಲ್ಲಿ ತಿಳಿಸಿ. ಮಾತು ಯಾಕೆ ನಿಂತಿತು ಎಂದು ಅವರಿಗೆ ಗೊತ್ತಾಗಬೇಕು.

ಸಬ್‌ಟೈಟಲ್ ಎಡಿಟ್ ನಿಮ್ಮ ಎಷ್ಟೋ ಸಾಲುಗಳನ್ನು ಕೆಂಪು ಮಾಡಿ, ಓದಲು ಹೊತ್ತು ಸಾಲದು, ಸಾಲು ಉದ್ದ ಎಂದು ದೂರಬಹುದು. ಆ ದೂರನ್ನು ಪೂರ್ತಿ ನಂಬಬೇಡಿ. ಅದು ಎಣಿಸುವುದು ಯೂನಿಕೋಡ್ ಚಿಹ್ನೆಗಳನ್ನು. ‘ಸ್ತ್ರೀ’ ಎಂಬುದು ಓದುವವರಿಗೆ ಒಂದೇ ಅಕ್ಷರ, ಅದರ ಲೆಕ್ಕದಲ್ಲಿ ಸ, ಅರ್ಧ ಮಾಡುವ ಗುರುತು, ತ, ಮತ್ತೆ ಆ ಗುರುತು, ರ, ದೀರ್ಘದ ಈಕಾರ, ಹೀಗೆ ಆರು. ಇಂಗ್ಲಿಷಿಗೆ ಸಾಲಿಗೆ 42 ಅಕ್ಷರ ಎಂಬ ರೂಢಿಯನ್ನು ಹಾಗೇ ಕನ್ನಡಕ್ಕೆ ಹಾಕಿದರೆ ಮಾತನ್ನು ವೃಥಾ ಕೊಚ್ಚಬೇಕಾಗುತ್ತದೆ. ಎರಡು ಸಾಲು ಮೀರದಿರಲಿ, ಒಂದು ಸಾಲು ಪರದೆಯ ಅಗಲದ ಮುಕ್ಕಾಲು ಪಾಲು ದಾಟದಿರಲಿ. ಹೊತ್ತು ಸಾಲುತ್ತದೆಯೇ ಎಂಬುದಕ್ಕೆ ಅಪ್ಪನೇ ಅಳತೆಗೋಲು. ಅವರು ಓದಿ ಮುಗಿಸುವ ಮುನ್ನ ಸಾಲು ಹೋಗುತ್ತಿದ್ದರೆ, ಮಾತು ಮುಗಿದ ಮೇಲೂ ಮುಂದಿನ ಸಾಲು ಬರುವವರೆಗೆ ಅದನ್ನು ಉಳಿಸಿ. ಅರ್ಥಗಾರಿಕೆಯನ್ನು ಸಂಕ್ಷೇಪಿಸಲು ಮಾತ್ರ ಹೋಗಬೇಡಿ. ಒಬ್ಬ ಅರ್ಥಧಾರಿ ಆಯ್ದುಕೊಂಡ ಪದವನ್ನು ಸವಿಯಲೆಂದೇ ಅವರು ಕೂತಿರುತ್ತಾರೆ.

ಪೆನ್‌ಡ್ರೈವ್‌ಗೆ ನಕಲಿಸುವಾಗ ಫೈಲ್ ತೀರಾ ದೊಡ್ಡದು ಎಂದು ತಕರಾರು ಬಂದರೆ, ಆ ಪೆನ್‌ಡ್ರೈವ್ ಫ್ಯಾಟ್32 ಎಂಬ ಸಂಗ್ರಹ ಪದ್ಧತಿಯಲ್ಲಿದೆ. ಅದರಲ್ಲಿ 4 ಜಿಬಿ ತುಂಬುವ ಒಂದು ಫೈಲು ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಟಿವಿ ಅದನ್ನು ಓದದಿದ್ದರೆ ಗುಣಮಟ್ಟದ ಅಂಕಿಯನ್ನು ಒಂದೆರಡು ಏರಿಸಿ ಫೈಲನ್ನು ಚಿಕ್ಕದು ಮಾಡಿ. ಫಾರ್ಮ್ಯಾಟ್ ಮಾಡಿದರೆ ಪೆನ್‌ಡ್ರೈವ್‌ನಲ್ಲಿದ್ದುದೆಲ್ಲ ಅಳಿಯುತ್ತದೆ, ಮೊದಲೇ ತೆಗೆದಿಟ್ಟುಕೊಳ್ಳಿ.

ಅಚ್ಚೊತ್ತಿದ ಪ್ರತಿ ಟಿವಿಗೆ ಮತ್ತು ವಾಟ್ಸಾಪ್‌ಗೆ. ವಾಟ್ಸಾಪ್‌ನಲ್ಲಿ ಪ್ರತ್ಯೇಕ ಸಬ್‌ಟೈಟಲ್ ತೋರಿಸುವ ವ್ಯವಸ್ಥೆಯೇ ಇಲ್ಲದ ಕಾರಣ ಅಲ್ಲಿ ಬೇರೆ ದಾರಿಯಿಲ್ಲ. ಮನೆಯಲ್ಲಿ ಕಾಯ್ದಿಡಲು ಬೇರೆ ಪ್ರತಿ ಮಾಡಿ. ಎಂಕೆವಿ ಟೂಲ್‌ನಿಕ್ಸ್ ಎಂಬ ತಂತ್ರಾಂಶಕ್ಕೆ ಮೂಲ ವಿಡಿಯೊವನ್ನೂ ತಿದ್ದಿದ ಎಸ್‌ಆರ್‌ಟಿಯನ್ನೂ ಎಳೆದು ಹಾಕಿ, ಸಬ್‌ಟೈಟಲ್ ಸಾಲಿನ ಭಾಷೆ ಕನ್ನಡ ಎಂದು ಕೊಟ್ಟು ಶುರು ಮಾಡಿದರೆ, ಚಿತ್ರವನ್ನು ಮುಟ್ಟದೆ, ಗುಣಮಟ್ಟ ಒಂದಿಷ್ಟೂ ಇಳಿಯದೆ, ಎರಡನ್ನೂ ಒಂದೇ ಎಂಕೆವಿ ಫೈಲಿನಲ್ಲಿ ಕೂಡಿಸಿಕೊಡುತ್ತದೆ. ಹೊಸದಾಗಿ ಎನ್‌ಕೋಡ್ ಮಾಡುವುದಿಲ್ಲವಾದ್ದರಿಂದ ಕೆಲಸ ಬೇಗ ಮುಗಿಯುತ್ತದೆ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗಾಗಿ ಮುಂದೆ ಇಂಗ್ಲಿಷ್ ಸಬ್‌ಟೈಟಲ್ ಮಾಡಿದರೆ ಅದನ್ನೂ ಇದೇ ಫೈಲಿಗೆ ಎರಡನೆಯದಾಗಿ ಸೇರಿಸಬಹುದು. ಎಂಪಿ4ರಲ್ಲಿಯೂ ಸಬ್‌ಟೈಟಲ್ ಕೂಡಿಸಬಹುದಾದರೂ ಎಸ್‌ಆರ್‌ಟಿ ಅಲ್ಲಿ ಇನ್ನೊಂದು ರೂಪಕ್ಕೆ ಬದಲಾಗಿ ಕೂರುತ್ತದೆ. ಕಾಯ್ದಿಡುವುದಕ್ಕೆ ನಾನು ಎಂಕೆವಿಯನ್ನೇ ಆರಿಸುತ್ತೇನೆ.

ಯೂಟ್ಯೂಬ್‌ಗೆ ಹಾಕುವ ಯೋಚನೆಯಿದ್ದರೆ ಅರ್ಥಧಾರಿಗಳ, ಭಾಗವತರ ಒಪ್ಪಿಗೆ ಮೊದಲು ಕೇಳಿ. ಅಲ್ಲಿಗೆ ಅಚ್ಚೊತ್ತಿದ ಪ್ರತಿ ಬೇಡ, ಮೂಲ ವಿಡಿಯೊವನ್ನೇ ಹಾಕಿ. ಯೂಟ್ಯೂಬ್ ಸ್ಟುಡಿಯೋದ ಸಬ್‌ಟೈಟಲ್ಸ್ ವಿಭಾಗದಲ್ಲಿ ಭಾಷೆ ಕನ್ನಡ ಎಂದು ಆರಿಸಿ, ಅಪ್‌ಲೋಡ್ ಫೈಲ್ ಒತ್ತಿ, ವಿತ್ ಟೈಮಿಂಗ್ ಎಂಬುದನ್ನು ಗುರುತಿಸಿ ಎಸ್‌ಆರ್‌ಟಿಯನ್ನು ಏರಿಸಿ. ಬೇಕಾದವರು ಅಕ್ಷರ ದೊಡ್ಡದು ಮಾಡಿಕೊಳ್ಳಬಹುದು, ಬೇಡದವರು ತೆಗೆದುಹಾಕಬಹುದು, ಒಂದು ಪದ ತಪ್ಪಿದ್ದರೆ ವಿಡಿಯೊವನ್ನು ಮತ್ತೆ ಏರಿಸದೆ ಅದನ್ನಷ್ಟೇ ತಿದ್ದಬಹುದು.